ತಂತಿಯೊಳಗಿನ ಒಂದು ಅಕ್ಷರ

ಹಡಗಿನ ಜಿಪಿಎಸ್ ರಿಸೀವರಿನಿಂದ ಆಟೋಪೈಲಟ್‌ಗೆ ಹೋಗುವ ತಂತಿ ಕಿರುಬೆರಳಿಗಿಂತ ತೆಳ್ಳಗಿರುತ್ತದೆ. ಅದರೊಳಗೆ ಕೆಲಸಕ್ಕೆ ಬರುವುದು ಎರಡೇ ಎಳೆ. ಆ ಎಳೆಗಳಲ್ಲಿ ಸೆಕೆಂಡಿಗೊಮ್ಮೆಯೋ ಎರಡು ಸೆಕೆಂಡಿಗೊಮ್ಮೆಯೋ ಒಂದಷ್ಟು ಅಕ್ಷರ, ಅಂಕಿಗಳು ಹರಿದುಬರುತ್ತವೆ. ಆಟೋಪೈಲಟ್ ಅವನ್ನು ಓದಿಕೊಂಡು ಚುಕ್ಕಾಣಿಯನ್ನು ತಿರುಗಿಸುತ್ತದೆ. ಇವೆರಡನ್ನೂ ಹೊಂದಿಸುವ ವಿಧಾನಕ್ಕೆ ಕೈಪಿಡಿಯಲ್ಲಿ ಸಿಗುವುದು ಹೆಚ್ಚೆಂದರೆ ಒಂದೆರಡು ಪುಟ. ಯಾವ ಎಳೆಯನ್ನು ಯಾವುದಕ್ಕೆ ಜೋಡಿಸಬೇಕು, ಮೆನುವಿನಲ್ಲಿ ಯಾವುದನ್ನು ಆರಿಸಬೇಕು, ಅಷ್ಟೇ. ಪರದೆಯ ಮೇಲೆ ಅಂಕಿ ಮೂಡಿದರೆ ಕೆಲಸ ಮುಗಿಯಿತೆಂದು ಎಲ್ಲರೂ ಎದ್ದು ಹೋಗುತ್ತಾರೆ.

ಅಂಕಿ ಮೂಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ರಾಯಲ್ ಮೆಜೆಸ್ಟಿ ಎಂಬ ಪ್ರಯಾಣಿಕ ಹಡಗಿನ ಕಥೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಪನಾಮಾ ಧ್ವಜದ ಈ ಹಡಗು 1995ರ ಜೂನ್ 9ರ ಮಧ್ಯಾಹ್ನ ಬರ್ಮುಡಾದ ಸೇಂಟ್ ಜಾರ್ಜಸ್‌ನಿಂದ ಬಾಸ್ಟನ್‌ಗೆ ಹೊರಟಿತು. ಅದರಲ್ಲಿ 1,509 ಜನರಿದ್ದರು. ಮರುದಿನ ರಾತ್ರಿ ಸುಮಾರು ಹತ್ತೂವರೆಗೆ ಅಮೆರಿಕದ ನ್ಯಾಂಟಕೆಟ್ ದ್ವೀಪದಿಂದ ಪೂರ್ವಕ್ಕೆ ಸುಮಾರು 10 ಮೈಲಿ ದೂರದಲ್ಲಿರುವ ರೋಸ್ ಅಂಡ್ ಕ್ರೌನ್ ಎಂಬ ಮರಳುದಿಬ್ಬಕ್ಕೆ ಅದು ಹತ್ತಿ ಕೂತಿತು. ಇರಬೇಕಾದ ದಾರಿಯಿಂದ ಆಗ ಸುಮಾರು 17 ಮೈಲಿ ಪಕ್ಕಕ್ಕೆ ಸರಿದಿತ್ತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ರಿಪೇರಿಯ ಖರ್ಚು, ಕಳೆದುಕೊಂಡ ಆದಾಯ ಎಲ್ಲ ಸೇರಿ ನಷ್ಟ ಸುಮಾರು 70 ಲಕ್ಷ ಡಾಲರ್. (ಈ ಬರಹದಲ್ಲಿ ಮೈಲಿ ಎಂದರೆ ಕಡಲಿನ ಮೈಲಿ, ಅಂದರೆ 1,852 ಮೀಟರ್.)

ಹಡಗಿನ ಜಿಪಿಎಸ್ ಕೆಟ್ಟಿರಲಿಲ್ಲ, ಆಟೋಪೈಲಟ್ಟೂ ಕೆಟ್ಟಿರಲಿಲ್ಲ. ಬಂದರು ಬಿಟ್ಟು ಒಂದು ಗಂಟೆಯಾಗುವುದರೊಳಗೆ ಜಿಪಿಎಸ್ ಆಂಟೆನಾದ ಕೇಬಲ್ ಕನೆಕ್ಟರಿನಿಂದ ಕಳಚಿಕೊಂಡಿತ್ತು. ಉಪಗ್ರಹಗಳ ಸಂಕೇತ ಬರದಾದಾಗ ಆ ರಿಸೀವರ್ ತಾನು ಮಾಡಬೇಕೆಂದು ಬರೆದಿಟ್ಟದ್ದನ್ನೇ ಮಾಡಿತು. ಗೈರೋ ದಿಕ್ಸೂಚಿ ಹೇಳುವ ದಿಕ್ಕು, ಲಾಗ್ ಎಂಬ ವೇಗಮಾಪಕ ಹೇಳುವ ವೇಗ, ಇವೆರಡನ್ನು ಕೂಡಿಸಿ ತಾನೀಗ ಎಲ್ಲಿರಬಹುದು ಎಂದು ಅಂದಾಜು ಕಟ್ಟತೊಡಗಿತು. ನಾವಿಕರು ಇದನ್ನು ಡೆಡ್ ರೆಕನಿಂಗ್ ಅನ್ನುತ್ತಾರೆ. ಕರೆಂಟು ಹೋದಾಗ ಮನೆಯೊಳಗೆ ಹೆಜ್ಜೆ ಎಣಿಸಿಕೊಂಡು ಅಡುಗೆಮನೆಗೆ ಹೋಗುವ ಹಾಗೆ. ನಾಲ್ಕು ಹೆಜ್ಜೆಗೆ ತೊಂದರೆಯಿಲ್ಲ. ಆದರೆ ಕಡಲಿನಲ್ಲಿ ಗಾಳಿ, ಪ್ರವಾಹ ಹಡಗನ್ನು ಪಕ್ಕಕ್ಕೆ ತಳ್ಳುತ್ತಿರುತ್ತವೆ. ಆ ತಳ್ಳುವಿಕೆ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಪೂರ್ವ-ಈಶಾನ್ಯದ ಗಾಳಿ ಬೀಸುತ್ತಿತ್ತು, ಹಡಗು ಪಶ್ಚಿಮಕ್ಕೆ ಜರುಗುತ್ತಲೇ ಹೋಯಿತು. ಸುಮಾರು 34 ಗಂಟೆ ಕಾಲ ಆಟೋಪೈಲಟ್ ಈ ಅಂದಾಜನ್ನೇ ನಿಜವಾದ ಸ್ಥಾನವೆಂದು ನಂಬಿ ಚುಕ್ಕಾಣಿ ತಿರುಗಿಸಿತು.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ. ತನಗೆ ಉಪಗ್ರಹ ಕಾಣುತ್ತಿಲ್ಲ ಎಂಬುದು ರಿಸೀವರಿಗೆ ಗೊತ್ತಿತ್ತು. ಅದನ್ನು ಅದು ಆಟೋಪೈಲಟ್‌ಗೆ ಹೇಳಲಿಲ್ಲವೇ? ಹೇಳಿತ್ತು. ಅದೇ ತಂತಿಯಲ್ಲಿ, ಸ್ಥಾನದ ಜೊತೆಯಲ್ಲೇ, ಈ ಮಾಹಿತಿ ಸಿಂಧುವಲ್ಲ ಎಂಬ ಗುರುತೂ ಹೋಗುತ್ತಿತ್ತು. ಆಟೋಪೈಲಟ್ ಅದನ್ನು ನೋಡುವಂತೆ ಅದರ ಪ್ರೋಗ್ರಾಂ ಬರೆದಿರಲಿಲ್ಲ.

ಆ ಗುರುತು ಎಲ್ಲಿರುತ್ತದೆ ಎಂದು ತಿಳಿಯಲು ತಂತಿಯೊಳಗಿನ ಭಾಷೆಯನ್ನು ಸ್ವಲ್ಪ ನೋಡಬೇಕು. ಅಮೆರಿಕದ ನ್ಯಾಷನಲ್ ಮರೀನ್ ಎಲೆಕ್ಟ್ರಾನಿಕ್ಸ್ ಅಸೋಸಿಯೇಷನ್ 1957ರಲ್ಲಿ ಹುಟ್ಟಿದ ಸಂಘ. ಹಡಗಿನ ಒಂದೊಂದು ಉಪಕರಣವೂ ಒಂದೊಂದು ಭಾಷೆ ಆಡುತ್ತಿದ್ದ ಕಾಲದಲ್ಲಿ ಅದು ಎಲ್ಲಕ್ಕೂ ಸಾಮಾನ್ಯವಾದ ಒಂದು ಮಾನಕ ತಂದಿತು. ಅದರ ಮೊದಲ ಮಾನಕವಾದ ಎನ್‌ಎಂಇಎ 0180 ಹುಟ್ಟಿದ್ದೇ ಈ ಕೆಲಸಕ್ಕೆ: ಆಗ ಸ್ಥಾನ ತಿಳಿಸುತ್ತಿದ್ದ ಲೊರಾನ್-ಸಿ ರೇಡಿಯೋ ರಿಸೀವರಿನಿಂದ ಆಟೋಪೈಲಟ್‌ಗೆ ಸುದ್ದಿ ಮುಟ್ಟಿಸಲು. 1983ರಲ್ಲಿ ಬಂದ ಎನ್‌ಎಂಇಎ 0183 ಇಂದಿಗೂ ಸಾವಿರಾರು ದೋಣಿ, ಹಡಗುಗಳಲ್ಲಿ ದುಡಿಯುತ್ತಿದೆ. ದೊಡ್ಡ ವಾಣಿಜ್ಯ ಹಡಗುಗಳಲ್ಲಿ ಇದರದೇ ಅಂತರರಾಷ್ಟ್ರೀಯ ರೂಪ ಐಇಸಿ 61162-1 ಎಂಬ ಹೆಸರಿನಲ್ಲಿದೆ. ನಮ್ಮ ಕರಾವಳಿಯಿಂದ ಮರ್ಚೆಂಟ್ ನೇವಿಗೆ ಹೋದವರ ಮನೆಯಲ್ಲಿ ಈ ಹೆಸರು ಆಗಾಗ ಕಿವಿಗೆ ಬಿದ್ದಿರಬಹುದು.

ಈ ಭಾಷೆಯಲ್ಲಿ ಹೇಳುವವನು ಒಬ್ಬ, ಕೇಳುವವರು ಹಲವರಿರಬಹುದು. ಒಂದು ಜೋಡಿ ಎಳೆಯ ಮೇಲೆ ಇಬ್ಬರು ಮಾತಾಡುವಂತಿಲ್ಲ. ಮಾತಾಡಿದರೆ ಎರಡೂ ಕಲಸಿಹೋಗುತ್ತವೆ, ಆಗ ನಡುವೆ ಮಲ್ಟಿಪ್ಲೆಕ್ಸರ್ ಎಂಬ ಪೆಟ್ಟಿಗೆ ಬೇಕು. ವೇಗ 4800 ಬಾಡ್, ಎಂಟು ಡೇಟಾ ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್. ಎರಡೂ ಕಡೆ ಇದು ಒಂದೇ ಆಗಿರಬೇಕು. ಹಡಗುಗಳು ಒಂದಕ್ಕೊಂದು ತಮ್ಮ ಗುರುತು, ಸ್ಥಾನ ತಿಳಿಸುವ ಎಐಎಸ್ ಉಪಕರಣಗಳು 38,400 ಬಾಡ್‌ನಲ್ಲಿ ಮಾತಾಡುವುದರಿಂದ, ಎಐಎಸ್‌ಗೆಂದು ಬದಲಾಯಿಸಿದ ಪೋರ್ಟನ್ನು ಮರೆತು ಆಟೋಪೈಲಟ್‌ಗೆ ಕೊಟ್ಟರೆ ಏನೂ ಕೇಳಿಸುವುದಿಲ್ಲ. ರಿಸೀವರಿನ ಔಟ್‌ಪುಟ್ ಎಳೆ ಆಟೋಪೈಲಟ್‌ನ ಇನ್‌ಪುಟ್‌ಗೆ ಹೋಗಬೇಕು. ಹಳೆಯ ರಿಸೀವರುಗಳಲ್ಲಿ ಎರಡನೇ ಎಳೆಯಾಗಿ ಗ್ರೌಂಡ್ ಇರುತ್ತದೆ, ಹೊಸತರಲ್ಲಿ ಎ ಮತ್ತು ಬಿ ಎಂಬ ಜೋಡಿ. ಎಳೆಗಳ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ, ಬಣ್ಣ ನಂಬಿ ಕೈಹಾಕಬಾರದು.

ತಂತಿಯಲ್ಲಿ ಬರುವುದು ಸಾಲು ಸಾಲಾಗಿ. ಜಿಪಿಎಸ್‌ನ ಪ್ರತಿ ಸಾಲೂ ಡಾಲರ್ ಚಿಹ್ನೆಯಿಂದ ಶುರುವಾಗುತ್ತದೆ, 82 ಅಕ್ಷರ ಮೀರುವುದಿಲ್ಲ. ಮೊದಲೆರಡು ಅಕ್ಷರ ಹೇಳುವವನ ಪರಿಚಯ; ಜಿಪಿಎಸ್ ಆದರೆ ಜಿಪಿ. ಮುಂದಿನ ಮೂರು ಅಕ್ಷರ ಈ ಸಾಲು ಯಾವ ವಿಷಯದ್ದು ಎಂದು ತಿಳಿಸುತ್ತವೆ. ಆಟೋಪೈಲಟ್‌ಗೆ ಬಹಳ ಬೇಕಾದದ್ದು ಎಪಿಬಿ ಎಂಬ ಸಾಲು. ಅದನ್ನು ಬಿಡಿಸಿ ಓದಿದರೆ ಹೀಗಿರುತ್ತದೆ: ಜಿಪಿಎಪಿಬಿ, ಎ, ಎ, 0.10, ಆರ್, ಎನ್, ವಿ, ವಿ, 011, ಎಂ, ಡಿಇಎಸ್‌ಟಿ, 011, ಎಂ, 011, ಎಂ. ಕೊನೆಗೆ ನಕ್ಷತ್ರ ಚಿಹ್ನೆ, ಅದರ ನಂತರ ತಪಾಸಣೆಯ ಎರಡು ಅಂಕಿ.

ನಡುವಿನಿಂದ ನೋಡೋಣ. 0.10 ಎಂದರೆ ಹಡಗು ತನ್ನ ಗೆರೆಯಿಂದ ಮೈಲಿಯ ಹತ್ತನೇ ಒಂದು ಭಾಗ, ಅಂದರೆ 185 ಮೀಟರ್ ಪಕ್ಕಕ್ಕೆ ಸರಿದಿದೆ. ಇದನ್ನು ಕ್ರಾಸ್ ಟ್ರ್ಯಾಕ್ ಎರರ್ ಅನ್ನುತ್ತಾರೆ. ಅದರ ಮುಂದಿನ ಆರ್ ಅಕ್ಷರವನ್ನು ಹಡಗು ಬಲಕ್ಕೆ ಸರಿದಿದೆ ಎಂದು ಓದುವವರೇ ಹೆಚ್ಚು. ಅದು ಹಾಗಲ್ಲ, ಬಲಕ್ಕೆ ತಿರುಗಿಸು ಎಂಬ ಸೂಚನೆ ಅದು, ಹಡಗು ಇರುವುದು ಗೆರೆಯ ಎಡಕ್ಕೆ. 011 ಎಂಬುದು ದಿಕ್ಕು, ಎಂ ಎಂದರೆ ಅಯಸ್ಕಾಂತೀಯ ಉತ್ತರದಿಂದ ಅಳೆದದ್ದು. ಅದೇ ಜಾಗದಲ್ಲಿ ಟಿ ಇದ್ದರೆ ಭೌಗೋಳಿಕ ಉತ್ತರದಿಂದ. ಮಂಗಳೂರಿನ ಕಡಲಿನಲ್ಲಿ ಈ ಎರಡು ಉತ್ತರಗಳ ನಡುವಿನ ವ್ಯತ್ಯಾಸ ಒಂದೆರಡು ಡಿಗ್ರಿ ಮಾತ್ರ, ಎರಡು ಉಪಕರಣಗಳಲ್ಲಿ ಬೇರೆ ಬೇರೆ ಸೆಟ್ಟಿಂಗ್ ಇದ್ದರೂ ಕಣ್ಣಿಗೆ ಬೀಳದೆ ಹೋಗಬಹುದು. ಬಾಸ್ಟನ್ ಸುತ್ತಮುತ್ತ ಅದು 15 ಡಿಗ್ರಿಯ ಆಸುಪಾಸು. ಹತ್ತು ಮೈಲಿ ಸಾಗುವಷ್ಟರಲ್ಲಿ 15 ಡಿಗ್ರಿಯ ತಪ್ಪು ಎರಡೂವರೆ ಮೈಲಿಗೂ ಹೆಚ್ಚು ಪಕ್ಕಕ್ಕೆ ಒಯ್ಯುತ್ತದೆ. ಆದ್ದರಿಂದ ರಿಸೀವರಿನಲ್ಲಿ ದಿಕ್ಕು ಯಾವ ಉತ್ತರದ್ದು, ಆಟೋಪೈಲಟ್ ಯಾವುದನ್ನು ಬಯಸುತ್ತದೆ ಎಂಬುದನ್ನು ತಾಳೆ ನೋಡದೆ ಮುಂದೆ ಹೋಗಲೇಬಾರದು.

ಈಗ ಮೊದಲಿನ ಎರಡು ಎ ಅಕ್ಷರಗಳಿಗೆ ಬರೋಣ. ಮೂಲದಲ್ಲಿ ಇವು ಲೊರಾನ್-ಸಿ ರಿಸೀವರಿನ ಸಂಕೇತ ಚೆನ್ನಾಗಿದೆಯೇ, ಗಟ್ಟಿಯಾಗಿ ಹಿಡಿದಿದೆಯೇ ಎಂದು ತಿಳಿಸಲು ಇಟ್ಟ ಜಾಗಗಳು. ಅಮೆರಿಕದ ಲೊರಾನ್-ಸಿ ಪ್ರಸಾರ 2010ರ ಫೆಬ್ರುವರಿಯಲ್ಲಿ ನಿಂತಿತು, ಜಾಗಗಳು ಉಳಿದವು. ಜಿಪಿಎಸ್ ರಿಸೀವರುಗಳು ಅವೇ ಜಾಗಗಳಲ್ಲಿ ತಮ್ಮ ಸ್ಥಿತಿ ಬರೆಯುತ್ತವೆ. ಎ ಎಂದರೆ ನಂಬಬಹುದು, ವಿ ಎಂದರೆ ನಂಬಬೇಡ. ಅದೇ ಸಾಲಿನ ಮುಂದಿನ ಎರಡು ವಿ ಅಕ್ಷರಗಳ ಅರ್ಥ ಬೇರೆ. ಗುರಿ ಇನ್ನೂ ತಲುಪಿಲ್ಲ ಎಂದಷ್ಟೇ. ಸಾಲನ್ನು ಓದುವ ಪ್ರೋಗ್ರಾಂ ಬರೆಯುವವರಿಗೆ ಇದು ಎಡವುವ ಕಲ್ಲು.

ಕೊನೆಯ ಎರಡು ಅಂಕಿಯ ಬಗ್ಗೆ ಜನರಿಗೆ ಅತಿಯಾದ ಭರವಸೆ ಇದೆ. ಚೆಕ್‌ಸಮ್ ಸರಿಯಿದ್ದರೆ ಮಾಹಿತಿ ಸರಿ ಎಂದುಕೊಳ್ಳುತ್ತಾರೆ. ಡಾಲರ್ ಚಿಹ್ನೆಗೂ ನಕ್ಷತ್ರಕ್ಕೂ ನಡುವಿನ ಅಕ್ಷರಗಳನ್ನು ಒಂದು ಲೆಕ್ಕಕ್ಕೆ ಒಳಪಡಿಸಿ ತೆಗೆದ ಸಂಖ್ಯೆ ಅದು. ಆ ಕಡೆ ಹೊರಟ ಅಕ್ಷರಗಳೇ ಈ ಕಡೆ ಬಂದಿವೆ ಎಂಬುದಕ್ಕೆ ಮಾತ್ರ ಅದು ಜವಾಬ್ದಾರಿ. ರಾಯಲ್ ಮೆಜೆಸ್ಟಿಯ ತಂತಿಯಲ್ಲಿ ಒಂದಕ್ಷರವೂ ಕೆಡಲಿಲ್ಲ. ತಪ್ಪಾದ ಸ್ಥಾನ ಅಚ್ಚುಕಟ್ಟಾಗಿ ಬಂದು ತಲುಪುತ್ತಿತ್ತು.

ಆ ಹಡಗಿನಲ್ಲಿದ್ದ ರಿಸೀವರ್ ರೇಥಿಯಾನ್ ಕಂಪನಿಯ ರೇಸ್ಟಾರ್ 920, ಆಟೋಪೈಲಟ್ ಇದ್ದದ್ದು ಜರ್ಮನಿಯ ಎಸ್‌ಟಿಎನ್ ಅಟ್ಲಾಸ್ ಕಂಪನಿಯ ನಾಕೋಸ್ 25 ವ್ಯವಸ್ಥೆಯೊಳಗೆ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ನಡೆಸಿದಾಗ ಎರಡೂ ಕಡೆಯವರ ಊಹೆಗಳು ಬಯಲಿಗೆ ಬಂದವು. ಜಿಪಿಎಸ್ ಎಂದು ತನ್ನನ್ನು ಪರಿಚಯಿಸಿಕೊಳ್ಳುವ ಸಾಧನ ಜಿಪಿಎಸ್ ಅಲ್ಲದ ಸ್ಥಾನವನ್ನು ಕಳಿಸೀತು ಎಂದು ಆಟೋಪೈಲಟ್ ಮಾಡಿದವರು ಎಣಿಸಿರಲಿಲ್ಲ. ಉಪಗ್ರಹ ಸಿಗದಿದ್ದರೆ ರಿಸೀವರ್ ಸುಮ್ಮನಾಗುತ್ತದೆ ಅಥವಾ ಆ ಜಾಗ ಖಾಲಿ ಬಿಡುತ್ತದೆ ಎಂಬುದು ಅವರ ಲೆಕ್ಕಾಚಾರ. ರಿಸೀವರ್ ಮಾಡಿದವರು ಸಿಂಧು, ಅಸಿಂಧು ಎಂಬ ಗುರುತು ಹಾಕಿ ಸ್ಥಾನ ಕಳಿಸುವುದನ್ನು ಮುಂದುವರಿಸುವಂತೆ ಮಾಡಿದ್ದರು. ಇಬ್ಬರ ಆಲೋಚನೆಯೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ಆದರೆ ಎರಡನ್ನೂ ಒಂದೇ ಹಡಗಿನಲ್ಲಿ ಜೋಡಿಸಿದ ಮೇಲೆ, ಕೇಬಲ್ ಕಿತ್ತರೆ ಏನಾಗುತ್ತದೆ ಎಂದು ಯಾರೂ ಕಿತ್ತು ನೋಡಿರಲಿಲ್ಲ. ನನ್ನ ಮಟ್ಟಿಗೆ ಆ ಅಪಘಾತದ ತಿರುಳು ಅದೇ.

ನಾಕೋಸ್‌ನಲ್ಲಿ ಇನ್ನೊಂದು ರಕ್ಷಣೆಯೂ ಇತ್ತು. ತಾನೇ ಸ್ವತಂತ್ರವಾಗಿ ಅಂದಾಜು ಕಟ್ಟಿ, ಜಿಪಿಎಸ್ ಹೇಳುವ ಸ್ಥಾನಕ್ಕೂ ತನ್ನ ಅಂದಾಜಿಗೂ ಅಂತರ ಹೆಚ್ಚಾದರೆ ಅಲಾರಂ ಕೂಗಿಸುವ ಏರ್ಪಾಡು ಅದು. ಕೇಬಲ್ ಕಳಚಿದ ಮೇಲೆ ಜಿಪಿಎಸ್ ಕಟ್ಟುತ್ತಿದ್ದ ಅಂದಾಜೂ ಅದೇ ಗೈರೋ, ಅದೇ ಲಾಗ್‌ನಿಂದ. ಎರಡು ಅಂದಾಜುಗಳೂ ಕೂಡಿಯೇ ತಪ್ಪಿದವು, ಒಂದಕ್ಕೊಂದು ತಾಳೆಯಾಗುತ್ತಲೇ ಇದ್ದವು. ಅಲಾರಂ ಕೂಗಲಿಲ್ಲ. ಸಂಪರ್ಕ ಹೊಂದಿಸುವವರು ಇದನ್ನು ಮನಸ್ಸಿಗೆ ಹಾಕಿಕೊಳ್ಳಬೇಕು: ಒಂದೇ ಮೂಲದಿಂದ ಹೊರಟ ಎರಡು ಸಾಕ್ಷಿಗಳು ಲೆಕ್ಕಕ್ಕೆ ಒಂದೇ ಸಾಕ್ಷಿ.

ರಿಸೀವರಿನ ಪರದೆಯ ಮೇಲೆ, ಡೆಡ್ ರೆಕನಿಂಗ್ ನಡೆದಿದೆ ಎಂದು ಸೂಚಿಸುವ ಡಿಆರ್, ಎಸ್‌ಓಎಲ್ ಎಂಬ ಸಣ್ಣ ಅಕ್ಷರಗಳು ಮೂಡಿದ್ದವು. ಕೇಬಲ್ ಕಳಚಿದ ಹೊತ್ತಿಗೆ ಕೈಗಡಿಯಾರದ ಅಲಾರಮಿನಂತಹ ಕಿರುದನಿ ಒಂದು ಸೆಕೆಂಡು ಕೇಳಿಸಿ ನಿಂತಿರಬೇಕು. ಆ ರಿಸೀವರಿಗೆ ಹೊರಗಿನಿಂದ ದೊಡ್ಡ ಅಲಾರಂ ಜೋಡಿಸುವ ಸೌಲಭ್ಯವಿತ್ತು, ಜೋಡಿಸಿರಲಿಲ್ಲ. ರಿಸೀವರ್ ಇದ್ದದ್ದೂ ಚಾಲನಾ ಕಟ್ಟೆಯ ಹಿಂದಿನ ನಕ್ಷೆಯ ಕೋಣೆಯಲ್ಲಿ. ಪಕ್ಕದಲ್ಲಿದ್ದ ಲೊರಾನ್-ಸಿ ಸರಿಯಾದ ಸ್ಥಾನವನ್ನೇ ತೋರಿಸುತ್ತಿತ್ತು. ಎರಡನ್ನೂ ಹೋಲಿಸಿ ನೋಡಿದ್ದರೆ ಗುಟ್ಟು ಬಯಲಾಗುತ್ತಿತ್ತು. ಅಧಿಕಾರಿಗಳು ಗಂಟೆಗೊಮ್ಮೆ ನಕ್ಷೆಯ ಮೇಲೆ ಗುರುತು ಹಾಕುತ್ತಿದ್ದರು, ಆದರೆ ಆ ಗುರುತಿನ ಅಂಕಿಯನ್ನೂ ಜಿಪಿಎಸ್‌ನಿಂದಲೇ ಓದುತ್ತಿದ್ದರು. ಸಂಜೆ ರಾಡಾರಿನಲ್ಲಿ ದಾರಿಗುರುತಿಗೆ ತೇಲಿಬಿಟ್ಟ ಬೋಯ್ ಒಂದು ಕಂಡಿತು, ತಾವು ನಿರೀಕ್ಷಿಸಿದ ಹೊತ್ತಿಗೇ. ಬಾಸ್ಟನ್ ದಾರಿಯ ಬಿಎ ಎಂಬ ಬೋಯ್ ಅದೇ ಎಂದುಕೊಂಡರು. ಅದು ಎಆರ್ ಎಂಬ ಬೇರೆಯದು, ಪಶ್ಚಿಮದ ಕಡೆಯದು. ಮೀನುಗಾರಿಕೆ ದೋಣಿಗಳು ವಿಎಚ್‌ಎಫ್ ರೇಡಿಯೋದಲ್ಲಿ ಇಂಗ್ಲಿಷಿನಲ್ಲಿ ಕೂಗಿ ಎಚ್ಚರಿಸಲು ನೋಡಿದವು, ಹಡಗಿನಿಂದ ಉತ್ತರ ಬರಲಿಲ್ಲ. ಆಳ ಅಳೆಯುವ ಯಂತ್ರದ ಅಲಾರಂ ಸೊನ್ನೆ ಮೀಟರಿಗೆ ಇಟ್ಟದ್ದು ಹಾಗೆಯೇ ಇತ್ತು.

1997ರಲ್ಲಿ ಬಂದ ಮಂಡಳಿಯ ವರದಿ ಅಧಿಕಾರಿಗಳು ಯಂತ್ರವನ್ನು ಅತಿಯಾಗಿ ನೆಚ್ಚಿದ್ದನ್ನು ದೂರಿತು. ಅಷ್ಟಕ್ಕೇ ನಿಲ್ಲಿಸದೆ ಕಂಪನಿ ತರಬೇತಿ ಕೊಡದ್ದನ್ನೂ ಇಡೀ ವ್ಯವಸ್ಥೆಯ ವಿನ್ಯಾಸ, ಅಳವಡಿಕೆಗಳಲ್ಲಿದ್ದ ಲೋಪಗಳನ್ನೂ ಕಾರಣಗಳ ಸಾಲಿನಲ್ಲೇ ಸೇರಿಸಿತು. ಇದು ನ್ಯಾಯವಾದ ತೀರ್ಮಾನ. ಕಾವಲಿನ ಅಧಿಕಾರಿಯ ಮೇಲೆ ಎಲ್ಲವನ್ನೂ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಅಂತಹ ತೀರ್ಮಾನದಿಂದ ಮುಂದಿನ ಹಡಗಿಗೆ ಉಪಕಾರವೇನೂ ಆಗುತ್ತಿರಲಿಲ್ಲ.

ಮಾನಕವೂ ಮುಂದೆ ಬಿಗಿಯಾಯಿತು. ಎನ್‌ಎಂಇಎ 0183ರ 2.3ನೇ ಆವೃತ್ತಿಯಲ್ಲಿ ಸ್ಥಾನ ತಿಳಿಸುವ ಹಲವು ಸಾಲುಗಳ ಕೊನೆಗೆ ಹೊಸದೊಂದು ಅಕ್ಷರ ಸೇರಿತು. ಎ ಎಂದರೆ ಉಪಗ್ರಹದಿಂದ ಬಂದದ್ದು, ಡಿ ಎಂದರೆ ತಿದ್ದುಪಡಿಯೊಂದಿಗೆ ಬಂದದ್ದು, ಇ ಎಂದರೆ ಅಂದಾಜು, ಎಂ ಎಂದರೆ ಕೈಯಾರೆ ತುಂಬಿದ್ದು, ಎಸ್ ಎಂದರೆ ಸಿಮ್ಯುಲೇಟರ್, ಎನ್ ಎಂದರೆ ಏನೂ ಇಲ್ಲ. ಅಂದಾಜು ನಡೆಯುತ್ತಿರುವಾಗ ಸ್ಥಿತಿಯ ಜಾಗದಲ್ಲಿ ವಿ ಎಂದೇ ಇರಬೇಕೆಂಬ ನಿಯಮವೂ ಬಂತು. ಕೇಳುವವನು ಹಳಬನಾದರೆ, ಹೊಸ ಅಕ್ಷರ ಗೊತ್ತಿಲ್ಲದಿದ್ದರೂ ಹಳೆಯ ವಿ ಅಕ್ಷರದಿಂದ ಎಚ್ಚೆತ್ತುಕೊಳ್ಳಬಹುದು. ಅವನು ಅದನ್ನು ಓದುವವನಾಗಿದ್ದರೆ.

ಹಾಗಾದರೆ ಹೊಂದಿಸುವಾಗ ಏನು ಮಾಡಬೇಕು? ಮೊದಲು, ಆಟೋಪೈಲಟ್‌ಗೆ ಬೇಕಾದ ಸಾಲುಗಳನ್ನಷ್ಟೇ ಕಳಿಸಬೇಕು. ರಿಸೀವರಿನ ಮೆನುವಿನಲ್ಲಿ ಎಲ್ಲವನ್ನೂ ಆನ್ ಮಾಡಿಬಿಡುವ ಅಭ್ಯಾಸ ಒಳ್ಳೆಯದಲ್ಲ. 4800 ಬಾಡ್ ಎಂದರೆ ಸೆಕೆಂಡಿಗೆ 480 ಅಕ್ಷರ, ಪೂರ್ತಿ ಉದ್ದದ ಆರು ಸಾಲಿಗೂ ಸಾಲದು. ಯಾವ ಉಪಗ್ರಹ ಆಕಾಶದಲ್ಲಿ ಎಲ್ಲಿದೆ ಎಂದು ಹೇಳುವ ಜಿಎಸ್‌ವಿ ಸಾಲುಗಳೇ ಸೆಕೆಂಡಿಗೆ ಮೂರು ನಾಲ್ಕು ಆಗುತ್ತವೆ. ಆಟೋಪೈಲಟ್‌ಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ, ತಂತಿ ಮಾತ್ರ ಅದರಲ್ಲೇ ತುಂಬಿಹೋಗಿ ಎಪಿಬಿ ತಡವಾಗುತ್ತದೆ. ಎಪಿಬಿ, ಆರ್‌ಎಂಬಿ, ಎಕ್ಸ್‌ಟಿಇ, ಆರ್‌ಎಂಸಿ, ವಿಟಿಜಿ, ಇವುಗಳಲ್ಲಿ ಆಟೋಪೈಲಟ್‌ನ ಕೈಪಿಡಿ ಕೇಳಿದವನ್ನು ಉಳಿಸಿ ಮಿಕ್ಕದ್ದನ್ನು ಆಫ್ ಮಾಡುವುದು ಮೇಲು. ರಿಸೀವರಿನಲ್ಲಿ ಯಾವುದಾದರೂ ಗುರಿಗೆ ದಾರಿ ಹಾಕದಿದ್ದರೆ ಎಪಿಬಿ ಸಾಲಿನಲ್ಲಿ ಹುರುಳಿರುವುದಿಲ್ಲ. ತಂತಿ ಸರಿಯಿಲ್ಲವೆಂದು ಎಳೆ ಬಿಚ್ಚಿ ಒದ್ದಾಡುವವರಲ್ಲಿ ಹಲವರಿಗೆ ಬೇಕಾದದ್ದು ಒಂದು ಗುರಿ ಮಾತ್ರ.

ಸಾಲುಗಳನ್ನು ಕಣ್ಣಾರೆ ನೋಡುವುದೂ ಕಷ್ಟವಲ್ಲ. ಸೂಕ್ತ ಅಡಾಪ್ಟರ್ ಹಾಕಿ ತಂತಿಯನ್ನು ಲ್ಯಾಪ್‌ಟಾಪಿಗೆ ಕೊಟ್ಟು ಯಾವುದಾದರೂ ಟರ್ಮಿನಲ್ ಪ್ರೋಗ್ರಾಂ ತೆರೆದರೆ ಮೇಲೆ ಹೇಳಿದ್ದೆಲ್ಲ ಓಡುವುದು ಕಾಣಿಸುತ್ತದೆ. ಅಲ್ಲಿ ಅಕ್ಷಾಂಶ ಓದುವಾಗ ಒಂದು ಎಚ್ಚರಿಕೆ. 1252.50 ಎಂದಿದ್ದರೆ ಅದು 12 ಡಿಗ್ರಿ, 52.50 ನಿಮಿಷ, ಅಂದರೆ ಮಂಗಳೂರಿನ ಹತ್ತಿರ. ಚುಕ್ಕಿಯನ್ನು ಸರಿಸಿ 12.5250 ಡಿಗ್ರಿ ಎಂದು ಓದಿದರೆ 20 ಮೈಲಿಗೂ ಹೆಚ್ಚು ದಕ್ಷಿಣಕ್ಕೆ, ಕಾಸರಗೋಡಿನ ಕಡೆಗೆ ಹೋಗಿಬಿಡುತ್ತೀರಿ.

ಹೊಸ ದೋಣಿಗಳಲ್ಲಿ ಎನ್‌ಎಂಇಎ 2000 ಬಂದಿದೆ. ಒಂದೇ ಬೆನ್ನೆಲುಬು ಕೇಬಲಿಗೆ ಎಲ್ಲವನ್ನೂ ಸಿಕ್ಕಿಸಿದರೆ ಸಾಕು, ಬಾಡ್ ಲೆಕ್ಕವೂ ಇಲ್ಲ, ಎಳೆಯ ಬಣ್ಣದ ತಲೆನೋವೂ ಇಲ್ಲ. ಆದರೆ ಅದರ ಮೇಲೆ ಎರಡು ಮೂರು ಜಿಪಿಎಸ್ ಇದ್ದರೆ ಆಟೋಪೈಲಟ್ ಯಾವುದರ ಮಾತು ಕೇಳುತ್ತಿದೆ ಎಂದು ಮೆನುವಿಗೆ ಹೋಗಿ ನೋಡಿ, ಆರಿಸಿ ಇಡಬೇಕು.

ಇಷ್ಟೆಲ್ಲ ಆದ ಮೇಲೆ ಬರುವ ಪರೀಕ್ಷೆಯನ್ನು ಬಹುತೇಕ ಕೈಪಿಡಿಗಳು ಹೇಳುವುದಿಲ್ಲ. ದೋಣಿ ಧಕ್ಕೆಯಲ್ಲಿರುವಾಗ ಒಂದು ದಾರಿ ಹಾಕಿ, ಆಟೋಪೈಲಟ್ ಅದನ್ನು ಸ್ವೀಕರಿಸಿದ ಮೇಲೆ ಜಿಪಿಎಸ್ ಆಂಟೆನಾದ ಕನೆಕ್ಟರನ್ನು ಕಳಚಬೇಕು. ಲ್ಯಾಪ್‌ಟಾಪಿನ ಪರದೆಯಲ್ಲಿ ಎ ಹೋಗಿ ವಿ ಬರುತ್ತದೆಯೇ, ಸಾಲು ನಿಂತೇಹೋಗುತ್ತದೆಯೇ, ಕೊನೆಯ ಸ್ಥಾನವನ್ನೇ ಮತ್ತೆ ಮತ್ತೆ ಕಳಿಸುತ್ತದೆಯೇ ಎಂದು ನೋಡಬೇಕು. ಆಟೋಪೈಲಟ್ ಆಗ ಅಲಾರಂ ಕೂಗಿ, ದಾರಿ ಹಿಡಿಯುವುದನ್ನು ಬಿಟ್ಟು ಬರೀ ದಿಕ್ಕು ಹಿಡಿಯುವ ಸ್ಥಿತಿಗೆ ಬರಬೇಕು. ಕೂಗಿದ್ದು ಚುಕ್ಕಾಣಿಯ ಬಳಿ ನಿಂತವನಿಗೆ ಎಂಜಿನ್ ಸದ್ದಿನ ನಡುವೆಯೂ ಕೇಳಿಸಬೇಕು. ಇಲ್ಲವಾದರೆ ರಿಸೀವರಿನ ಅಲಾರಂ ಔಟ್‌ಪುಟ್‌ಗೆ ಹೊರಗಿನ ಬಜರ್ ಒಂದನ್ನು ಅಂದೇ ಜೋಡಿಸಬೇಕು. ರಿಸೀವರಿನ ಮೆನುವಿನಲ್ಲಿ ಡೆಡ್ ರೆಕನಿಂಗ್ ಆಯ್ಕೆ ಇದ್ದು, ಆಟೋಪೈಲಟ್ ವಿ ಅಕ್ಷರವನ್ನು ಗಮನಿಸದ ಹಳೆಯ ಸಾಧನವಾಗಿದ್ದರೆ ಆ ಆಯ್ಕೆಯನ್ನು ಆಫ್ ಮಾಡುವುದೇ ಕ್ಷೇಮ.

ಧಕ್ಕೆಯ ಪರೀಕ್ಷೆಗೆ ಒಂದು ಮಿತಿಯಿದೆ. ಅಲ್ಲಿ ಲಾಗ್ ತೋರಿಸುವ ವೇಗ ಸೊನ್ನೆ. ಅಂದಾಜು ಕಟ್ಟುವ ರಿಸೀವರ್ ಕೂಡ ಅಲ್ಲಿ ಇದ್ದಲ್ಲೇ ಇರುವ, ಸರಿಯಾಗಿಯೇ ಕಾಣುವ ಸ್ಥಾನ ಕಳಿಸುತ್ತದೆ. ಆದ್ದರಿಂದ ತೆರೆದ ಕಡಲಿನಲ್ಲಿ, ಹಗಲು ಹೊತ್ತಿನಲ್ಲಿ, ಗೈರೋ, ಲಾಗ್ ಎರಡೂ ಜೋಡಣೆಯಲ್ಲಿದ್ದು ದೋಣಿ ಓಡುತ್ತಿರುವಾಗ, ಒಬ್ಬರು ಚುಕ್ಕಾಣಿ ಹಿಡಿದು ಸಿದ್ಧರಾಗಿದ್ದು ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು. ಕನೆಕ್ಟರ್ ಕಳಚಿ ಎಷ್ಟು ಸೆಕೆಂಡಿಗೆ ಅಲಾರಂ ಕೂಗಿತು, ಆಟೋಪೈಲಟ್ ಯಾವ ಸ್ಥಿತಿಗೆ ಬಂತು ಎಂಬುದನ್ನು ಲಾಗ್‌ಬುಕ್ಕಿನಲ್ಲಿ ಬರೆದಿಡಬೇಕು. ರಿಸೀವರ್, ಆಟೋಪೈಲಟ್ ಎರಡರಲ್ಲಿ ಯಾವುದನ್ನು ಬದಲಿಸಿದರೂ, ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿದರೂ, ಆಂಟೆನಾವನ್ನು ಬೇರೆ ಕಡೆ ಕೂರಿಸಿದರೂ ಆ ಪುಟ ಹಳತಾಯಿತೆಂದೇ ಲೆಕ್ಕ. ಪರೀಕ್ಷೆ ಮತ್ತೆ ಮೊದಲಿನಿಂದ ಆಗಬೇಕು.